ಫಾರ್ಮ್ಯಾಟ್ ಮಾಡಿಸಬೇಡ ಅಣ್ಣ

ಮ್ಯೂನಿಕ್

ಅಣ್ಣನಿಗೆ ನಮಸ್ಕಾರ,

ಅಪ್ಪ, ಅವ್ವ, ವೈನಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಾನೂ ಆರಾಮ. ಇಲ್ಲಿ ಚಳಿ ಜಾಸ್ತಿ, ಅಷ್ಟೇ. ವಿಂಡೋಸ್ 11 ಹಾಕಿಸಿದ ಮೇಲೆ ಪ್ರೆಸ್ಸಿನ ಕಂಪ್ಯೂಟರ್ ನಿಧಾನ ಆಗುತ್ತದೆ, ನಡುವೆ ಬಂದ್ ಆಗುತ್ತದೆ ಅಂತ ನೀನು ಕಳಿಸಿದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ತಪ್ಪಿಹೋಗುತ್ತದೆ, ಕಂಪ್ಯೂಟರ್ ಮುಂದೆ ಕೂತಾಗ ಕೈಯಲ್ಲಿರಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ರಿಪೇರಿ ಅಂಗಡಿಯವನು ಹೇಳಿದ ಅಂತ ಫಾರ್ಮ್ಯಾಟ್, ಅಂದರೆ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ಮಾಡಿಸಬೇಡ. ಸಾಲ ಮಾಡಿ ಹೊಸ ಕಂಪ್ಯೂಟರ್ ತರುವುದೂ ಈಗ ಬೇಡ. ಸಂಕ್ರಾಂತಿ ಮುಗಿದರೆ ಲಗ್ನದ ಸೀಸನ್ ಸುರು, ಪ್ರೆಸ್ಸಿನಲ್ಲಿ ಕೈ ಬಿಡುವಿರುವುದಿಲ್ಲ, ಆ ಗಡಿಬಿಡಿ ನನಗೂ ಗೊತ್ತು. ಆದರೆ ಅದರಲ್ಲಿ ಅಪ್ಪ ಇಷ್ಟು ವರ್ಷ ಕೂಡಿಸಿಟ್ಟ ಲಗ್ನಪತ್ರಿಕೆ ಡಿಸೈನ್‌ಗಳಿವೆ, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ ಫಾಂಟ್‌ಗಳಿವೆ. ಫೈಲ್‌ಗಳು ಡಿ ಡ್ರೈವ್‌ನಲ್ಲಿ ಉಳಿಯಬಹುದು, ಫಾಂಟ್‌ಗಳು ಮಾತ್ರ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೇ ಇರುತ್ತವೆ. ಫಾರ್ಮ್ಯಾಟ್ ಆದರೆ ಅವೂ ಹೋದವು. ಅವು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ, ನೆನಪಿರಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದರೆ 'ಶ್ರೀ ವೀರನಾರಾಯಣ ಪ್ರಸನ್ನ' ಅಂತ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಕೂತಿರುತ್ತವೆ. ಮುದ್ರಣ ಕಾಶಿ ಅಂತ ಕರೆಸಿಕೊಂಡ ಗದಗಿನಲ್ಲಿ ನಮ್ಮಂಥ ಸಣ್ಣ ಪ್ರೆಸ್ಸಿಗೆ ಇರುವ ಆಸ್ತಿ ಅದೇ ಅಲ್ವಾ? ಹಾಗಾಗಿ ಇವತ್ತೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಡಿಸೈನ್ ಫೋಲ್ಡರ್, ಫಾಂಟ್ಸ್ ಫೋಲ್ಡರ್, ಗಿರಾಕಿಗಳ ಲೆಕ್ಕ ಎಲ್ಲ ಕಾಪಿ ಮಾಡು. ಮಾಡಿದ ಮೇಲೆ ಅದನ್ನು ಕಾಕಾನ ಮನೆಯ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲ್ ತೆರೆದು ನೋಡು. ಕಾಪಿ ಆಗುವಾಗ ಒಳಗಿಂದ ಟಕ್ ಟಕ್ ಸದ್ದು ಬಂದರೆ ಡಿಸ್ಕೇ ಹೋಗುತ್ತಿದೆ ಅಂತ ಅರ್ಥ, ಆಗ ಬೇರೆ ಏನೂ ಮಾಡದೆ ನನಗೆ ಫೋನ್ ಮಾಡು.

ವಿಂಡೋಸ್ 11 ಹಾಕಿಸಿದ್ದು ತಪ್ಪಲ್ಲ. 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹಿಂದಕ್ಕೆ ಹೋಗುವ ಬಟನ್ ಅಪ್‌ಗ್ರೇಡ್ ಆದ 10 ದಿನದವರೆಗೆ ಮಾತ್ರ ಇರುತ್ತದೆ, ನಿನ್ನದು ದಾಟಿದೆ, ಅದರ ಚಿಂತೆ ಬಿಡು.

ಈಗ ಅಸಲಿ ಮಾತಿಗೆ ಬರುತ್ತೇನೆ. ನಿಧಾನ ಆಗುವುದು, ನಡುವೆ ಬಂದ್ ಆಗುವುದು ಎರಡೂ ಒಂದೇ ರೋಗ ಅಂತ ಅಂಗಡಿಯವನು ಹೇಳಿದನಲ್ಲ, ನನಗೆ ಹಾಗೆ ಅನ್ನಿಸುವುದಿಲ್ಲ. ವಿಡಿಯೋದಲ್ಲಿ ನೋಡು, ಕೋರೆಲ್‌ಡ್ರಾದಲ್ಲಿ ಫೋಟೋ ಇರುವ ಕಾರ್ಡ್ ಜೂಮ್ ಮಾಡುತ್ತಿದ್ದ ಹಾಗೆ ಪರದೆ ಎರಡು ಸಲ ಮಿಣುಕುತ್ತದೆ, ಮೌಸ್ ನಿಲ್ಲುತ್ತದೆ, ಆಮೇಲೆ ಕಪ್ಪು ಪರದೆ ಬರುತ್ತದೆ. ಮೊದಲು ನೀಲಿ ಬರುತ್ತಿತ್ತಲ್ಲ, ಅದೇ ಈಗ ಕಪ್ಪಾಗಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ವಿಡಿಯೋ ಟಿಡಿಆರ್ ಫೇಲ್ಯೂರ್' ಅಂತ ಇದೆ. ಗ್ರಾಫಿಕ್ಸ್ ಸುಮಾರು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು (ಅದನ್ನು ನಡೆಸುವ ಸಾಫ್ಟ್‌ವೇರ್) ಮತ್ತೆ ಎಬ್ಬಿಸಲು ನೋಡುತ್ತದೆ, ಏಳದಿದ್ದರೆ ಈ ಪರದೆ ಬರುತ್ತದೆ. ಅಪ್‌ಗ್ರೇಡ್ ಆದ ಮೇಲೇ ಸುರುವಾಗಿದ್ದರಿಂದ ನನ್ನ ಮೊದಲ ಅನುಮಾನ ಡ್ರೈವರ್ ಮೇಲೆ.

ನೆಟ್ ಕೇಬಲ್ ತೆಗೆ, ಇಲ್ಲದಿದ್ದರೆ ಅದು ತಾನೇ ಡ್ರೈವರ್ ಇಳಿಸಿಕೊಂಡು ಬಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ಅಲ್ಲಿರುವುದನ್ನು ಅನ್‌ಇನ್‌ಸ್ಟಾಲ್ ಮಾಡು, ಡ್ರೈವರನ್ನೂ ತೆಗೆಯಲೇ ಅಂತ ಕೇಳಿದರೆ ಟಿಕ್ ಹಾಕು. ರೀಸ್ಟಾರ್ಟ್ ಆದ ಮೇಲೆ ಅಕ್ಷರ ದೊಡ್ಡದಾಗಿ, ಒರಟಾಗಿ ಕಾಣಬಹುದು, ಹೆದರಬೇಡ. ಹಾಗೇ ಅರ್ಧ ದಿನ ಕೆಲಸ ಮಾಡು. ಬಂದ್ ಆಗಲಿಲ್ಲ ಅಂದರೆ ಕಳ್ಳ ಸಿಕ್ಕ. ಆಗ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ ವಿಂಡೋಸ್ 11ರ ಡ್ರೈವರ್ ಇಳಿಸಿ ಹಾಕೋಣ. ಬೋರ್ಡಿನ ಮಾಡೆಲ್ ಸಿಸ್ಟಮ್ ಇನ್ಫಾರ್ಮೇಷನ್ ಅಂತ ಹುಡುಕಿದರೆ ಸಿಗುತ್ತದೆ, ಫೋಟೋ ತೆಗೆದು ಕಳಿಸು. ಆದರೂ ಬಂದ್ ಆದರೆ ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ಮೇಲೆ ಅನುಮಾನ. ಕರೆಂಟ್ ತೆಗೆದು ರ್‍ಯಾಮ್ ಬಿಚ್ಚು, ಚಿನ್ನದ ಬಣ್ಣದ ಅಂಚಿಗೆ ಮೆಲ್ಲಗೆ ರಬ್ಬರ್ ಹಚ್ಚಿ ಒರೆಸಿ ಕೂರಿಸು, ರಾತ್ರಿ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ಮಲಗು. ಹೇಗೂ ಬಿಚ್ಚಿರುತ್ತೀಯ, ಫ್ಯಾನಿನಲ್ಲಿ ಕೂತಿರುವ ಕಾಗದದ ಧೂಳನ್ನೂ ತೆಗೆದುಬಿಡು. ಪ್ರೆಸ್ಸಿನಲ್ಲಿ ಅದು ಹತ್ತಿಯ ಹಾಗೆ ಮೆತ್ತಿಕೊಂಡಿರುತ್ತದೆ, ಪ್ರೊಸೆಸರ್ ಕಾದು ಕಾದು ನಿಧಾನ ಆಗಲು ಅದೂ ಒಂದು ಕಾರಣ.

ವಿಂಡೋಸ್‌ನ ಫೈಲ್‌ಗಳೇ ಕೆಟ್ಟಿವೆಯಾ ಅಂತ ನೋಡಲು ಎರಡು ಕಮಾಂಡ್ ವಾಟ್ಸ್‌ಆ್ಯಪ್‌ಗೆ ಹಾಕಿದ್ದೇನೆ. ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ಆಮೇಲೆ. ಮೊದಲನೆಯದಕ್ಕೆ ನೆಟ್ ಬೇಕು, ಡ್ರೈವರ್ ಪರೀಕ್ಷೆ ಮುಗಿದ ಮೇಲೆ ಕೇಬಲ್ ಹಾಕಿ ಓಡಿಸು.

ನಿಧಾನದ ವಿಷಯ ಬೇರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡು. ಡಿಸ್ಕ್ 100 ಪರ್ಸೆಂಟ್ ಅಂತ ಕೂತಿರುತ್ತದೆ, ನನಗೆ ಖಾತ್ರಿ ಇದೆ. ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ಹುಡುಕಾಟದ ಇಂಡೆಕ್ಸ್ ಕಟ್ಟುವಾಗ ಹಾಗಾಗುವುದು ಸಹಜ, ಇಷ್ಟು ದಿನ ಆದರೂ ಇಳಿಯದಿದ್ದರೆ ಸಹಜ ಅಲ್ಲ. ನಮ್ಮದು 4 ಜಿಬಿ ರ್‍ಯಾಮ್, ಹಳೇ ತಿರುಗುವ ಡಿಸ್ಕ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಬರೆದಿದ್ದಾರೆ, ಅದು ಸ್ಟಾರ್ಟ್ ಆಗಲು ಸಾಕು. ಕೋರೆಲ್ ಜೊತೆ ಬ್ರೌಸರ್ ತೆರೆದರೆ ರ್‍ಯಾಮ್ ತುಂಬುತ್ತದೆ, ಹೆಚ್ಚಾದದ್ದನ್ನು ಅದು ಡಿಸ್ಕಿಗೆ ಬರೆಯುತ್ತದೆ, ಬೇಕಾದಾಗ ಅಲ್ಲಿಂದ ತರುತ್ತದೆ. ಅಪ್ಪ ಅಚ್ಚಿನ ಮೊಳೆ ಜೋಡಿಸುವಾಗ ಒಂದೊಂದು ಅಕ್ಷರಕ್ಕೂ ಎದ್ದು ಹಿಂದಿನ ಕೋಣೆಗೆ ಹೋಗಿ ಬಂದರೆ ಎಷ್ಟು ಹೊತ್ತಾಗುತ್ತಿತ್ತು, ಹಾಗೆ. ಸದ್ಯಕ್ಕೆ ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಬೇಡದ್ದನ್ನೆಲ್ಲ ಬಂದ್ ಮಾಡು. ವಾಯಿದೆ ಮುಗಿದ ಆ ಹಳೇ ಆ್ಯಂಟಿವೈರಸ್ ತೆಗೆ, ವಿಂಡೋಸ್‌ನದೇ ಡಿಫೆಂಡರ್ ಸಾಕು.

ನಿಜವಾದ ಪರಿಹಾರ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ಹುಬ್ಬಳ್ಳಿಗೆ ಕಾಗದ ತರಲು ಹೋದಾಗ 500 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು ತಗೊ. ರ್‍ಯಾಮ್ ದರ ಈಗ ಏರಿದೆ, ಕೈಲಾದರೆ ಇನ್ನೊಂದು 4 ಜಿಬಿ ಹಾಕಿಸು, ಒಂದೇ ಆಗುತ್ತದೆ ಅಂದರೆ ಎಸ್‌ಎಸ್‌ಡಿಯೇ ಮೊದಲು. ದುಡ್ಡು ನಾನು ಹಾಕುತ್ತೇನೆ, ಅಪ್ಪನ ಹತ್ತಿರ ಕೇಳಬೇಡ. ಅಂಗಡಿಯಲ್ಲಿ 'ಹೊಸದಾಗಿ ಹಾಕಬೇಡಿ, ಸಿ ಡ್ರೈವ್ ಕ್ಲೋನ್ ಮಾಡಿ' ಅಂತ ಒತ್ತಿ ಹೇಳು. ಆಗ ಫಾಂಟ್, ಸಾಫ್ಟ್‌ವೇರ್ ಎಲ್ಲ ಇದ್ದ ಹಾಗೇ ಬರುತ್ತವೆ. ಆದರೆ ಕ್ಲೋನ್ ಮಾಡಿಸುವುದು ಕಪ್ಪು ಪರದೆ ನಿಂತ ಮೇಲೆ, ಅವಸರ ಮಾಡಿದರೆ ರೋಗವೂ ಕ್ಲೋನ್ ಆಗುತ್ತದೆ. ಹಳೇ ಡಿಸ್ಕ್ ಒಳಗೇ ಇರಲಿ, ಡಿ ಡ್ರೈವ್ ಅದರಲ್ಲೇ ಇರುತ್ತದೆ.

ರವಿವಾರ ಮಧ್ಯಾಹ್ನ ನನಗೆ ರಜೆ, ಅಲ್ಲಿ ಸಂಜೆ ಆಗಿರುತ್ತದೆ. ಅಷ್ಟರಲ್ಲಿ ಕಾಪಿ ಮುಗಿಸಿ ಡ್ರೈವರ್ ತೆಗೆದಿರು, ಉಳಿದದ್ದು ವಿಡಿಯೋ ಕಾಲ್‌ನಲ್ಲಿ ಕೂಡಿ ಮಾಡೋಣ. ಅವ್ವನಿಗೆ ಮಂಡಿ ನೋವು ಹೇಗಿದೆ ಅಂತ ವೈನಿ ಒಂದು ಮೆಸೇಜ್ ಹಾಕಲಿ.

ನಿನ್ನ ತಂಗಿ