ನರಸಾಪುರ ಬಸ್ಸಲ್ಲಿ ಸಿಕ್ಕಿದ ಅಣ್ಣಂಗೆ ಥ್ಯಾಂಕ್ಸ್

ಅಣ್ಣ, ಹೆಸರು ಕೇಳೋದೇ ಮರೆತೆ ನೋಡಿ, ಮೊನ್ನೆ ಕೋಲಾರದಿಂದ ನರಸಾಪುರಕ್ಕೆ ಹೋಗೋ ಬಸ್ಸಲ್ಲಿ ನನ್ನ ಗೋಳು ಕೇಳಿಸ್ಕೊಂಡ್ರಲ್ಲ, ಹಳೇ ಸ್ಟಾಕ್ ಸಾಫ್ಟ್‌ವೇರಲ್ಲಿ ಜಪಾನಿ ಪಾರ್ಟ್ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆ ಬರ್ತಿದೆ ಅಂದವ್ನು ನಾನೇ. ನೀವು, ಅದನ್ನ ಮಾಡಿರೋ ವಿಷುಯಲ್ ಫಾಕ್ಸ್‌ಪ್ರೋಗೆ (ಮೈಕ್ರೋಸಾಫ್ಟಿನ ಹಳೇ ಡೇಟಾಬೇಸ್ ಸಾಫ್ಟ್‌ವೇರ್) ಯೂನಿಕೋಡ್, ಅಂದ್ರೆ ಎಲ್ಲ ಭಾಷೆ ಅಕ್ಷರಗಳಿಗೂ ಇರೋ ಒಂದೇ ನಂಬರ್ ಪಟ್ಟಿ, ಗೊತ್ತಿಲ್ಲ, ಬರೀ ಫಾಂಟ್ ಬದಲಾಯಿಸಿದ್ರೆ ಏನೂ ಆಗಲ್ಲ, ವಿಂಡೋಸಲ್ಲೇ ನಾನ್-ಯೂನಿಕೋಡ್ ಭಾಷೆ ಜಪಾನೀಸ್ ಮಾಡಿ ರೀಸ್ಟಾರ್ಟ್ ಕೊಡಿ, ಅದು 932 ಕೋಡ್‌ಪೇಜ್ (ಜಪಾನಿ ಅಕ್ಷರಗಳ ನಂಬರ್ ಪಟ್ಟಿ) ಅಂದ್ರಿ. ಮಾಡ್ದೆ, ಬಂತು! ಪ್ರಶ್ನೆ ಚಿಹ್ನೆಯಾಗೇ ಸೇವ್ ಆಗಿದ್ದು ಮಾತ್ರ ವಾಪಸ್ ಬರ್ಲಿಲ್ಲ, ಮತ್ತೆ ಟೈಪ್ ಮಾಡಿಸಿದ್ವಿ. ಬ್ಯಾಕ್‌ಸ್ಲ್ಯಾಷ್ ಜಾಗದಲ್ಲಿ ಯೆನ್ (ಜಪಾನಿ ದುಡ್ಡಿನ) ಗುರುತು ನೋಡಿ ನಮ್ಮ ಅಕೌಂಟೆಂಟ್ ಗಾಬರಿಯಾಗಿದ್ರು. ಚೈನೀಸ್ಗೆ 936 ಕೋಡ್‌ಪೇಜ್ ಬೇಕು, ಎರಡೂ ಒಟ್ಟಿಗೆ ಆಗಲ್ಲ ಅಂದಿದ್ರಲ್ಲ, ಅದಕ್ಕೆ ಬೇರೆ ಸಿಸ್ಟಮ್ಮೇ ಇಟ್ಟಿದೀವಿ. ತುಂಬಾ ಥ್ಯಾಂಕ್ಸ್ ಅಣ್ಣ, ಮತ್ತೆ ಸಿಕ್ರೆ ಟಿಕೆಟ್ ನಂದು.