ಕೂಲಿಂಗ್ ಟವರ್ ನಿಲ್ಲಿಸುತ್ತಿದ್ದೇವೆ: ಏಕೆ, ಮತ್ತು ನಿಮಗೆ ಏನು ಬದಲಾಗುತ್ತದೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ದೀಪಾವಳಿ ಕಳೆದ ಮೇಲೆ ನಮ್ಮ ವೈಟ್‌ಫೀಲ್ಡ್ ಡೇಟಾ ಸೆಂಟರಿನ ಕೂಲಿಂಗ್ ಟವರನ್ನು ಪೂರ್ತಿ ನಿಲ್ಲಿಸುತ್ತೇವೆ. ಅದರ ಜಾಗಕ್ಕೆ ಹೊರಗಿನ ಗಾಳಿಗೆ ಬಿಸಿ ಬಿಡುವ ಚಿಲ್ಲರ್‌ಗಳು, ಅಂದರೆ ದೊಡ್ಡ ಏಸಿಯಂಥ ತಣಿಸುವ ಯಂತ್ರಗಳು ಬರುತ್ತವೆ. ನಿಮಗೆ ನೇರವಾಗಿ ಕಾಣುವುದು ಎರಡು ವ್ಯತ್ಯಾಸ. ನಿಮ್ಮ ಸರ್ವರ್‌ಗೆ ಸಿಗುವ ಗಾಳಿ 22 ಡಿಗ್ರಿಯ ಬದಲು 26 ಡಿಗ್ರಿ ಇರುತ್ತದೆ. ಬಿಲ್‌ನಲ್ಲಿ ನೀರಿನ ಸಾಲು ಇರುವುದಿಲ್ಲ, ಆದರೆ ಕೂಲಿಂಗ್ ಕರೆಂಟಿನ ಸಾಲು ಏರುತ್ತದೆ. ಒಟ್ಟಿನಲ್ಲಿ ಬಿಲ್ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹಣ ಜಾಸ್ತಿ ಕೇಳುವಾಗ ಕಾರಣವನ್ನೂ ಬಿಡಿಸಿ ಹೇಳಬೇಕಲ್ವಾ? ಅದಕ್ಕೇ ಪತ್ರ ಉದ್ದವಾಗಿದೆ.

ಸರ್ವರ್‌ಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಹೊರಗೆ ಬರುತ್ತದೆ. ಆ ಬಿಸಿಯನ್ನು ಕಟ್ಟಡದಿಂದ ಆಚೆ ಹಾಕುವುದೇ ಕೂಲಿಂಗ್. ಟವರ್ ಇದನ್ನು ನೀರು ಆವಿ ಮಾಡಿ ಸಾಧಿಸುತ್ತದೆ. ಒಂದು ಯೂನಿಟ್ ಕರೆಂಟಿನಷ್ಟು ಬಿಸಿ ಹೊರಹಾಕಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಇದು ನೀರಿನ ಗುಣ. ಎಷ್ಟು ಒಳ್ಳೆಯ ಯಂತ್ರ ತಂದರೂ ಈ ಲೆಕ್ಕ ತಪ್ಪಿಸಲು ಆಗುವುದಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ನೀರು ಆವಿಯಾದರೂ ಅದರಲ್ಲಿದ್ದ ಉಪ್ಪು ಟವರಿನಲ್ಲೇ ಉಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ. ಹಾಗಾಗಿ ಆಗಾಗ ಒಂದಷ್ಟು ನೀರನ್ನು ಚರಂಡಿಗೆ ಬಿಟ್ಟು ಹೊಸ ನೀರು ತುಂಬಬೇಕು. ಇದಕ್ಕೆ ಬ್ಲೋಡೌನ್ ಎನ್ನುತ್ತಾರೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಉಪ್ಪು ಮೂರು ಪಟ್ಟಾಗುವ ಹೊತ್ತಿಗೆ ನೀರು ಬದಲಿಸಲೇಬೇಕು.

100 ಕಿಲೋವ್ಯಾಟ್ ಸರ್ವರ್‌ಗಳಿರುವ ಒಂದು ಕೋಣೆಯ ಲೆಕ್ಕ ನೋಡಿ. ದಿನಕ್ಕೆ 2,400 ಯೂನಿಟ್. ಆವಿಯಾಗುವುದು 3,600 ಲೀಟರ್. ಚರಂಡಿಗೆ ಬಿಡುವುದು ಇನ್ನೊಂದು 1,800 ಲೀಟರ್. ಒಟ್ಟು 5,400 ಲೀಟರ್. ಅಂದರೆ 6,000 ಲೀಟರಿನ ಒಂದು ಟ್ಯಾಂಕರ್ ಹೆಚ್ಚೂಕಮ್ಮಿ ದಿನವೂ ಖಾಲಿ. ನೀರನ್ನು ಮೆದುಗೊಳಿಸಿ ಉಪ್ಪು ಆರು ಪಟ್ಟಾಗುವ ತನಕ ತಡೆದರೆ ಚರಂಡಿಯ ಪಾಲು 720 ಲೀಟರಿಗೆ ಇಳಿಯುತ್ತದೆ. ಆದರೆ ಆ 3,600 ಲೀಟರ್ ಅಲ್ಲೇ ಇರುತ್ತದೆ.

ಹಾಗಿದ್ದರೂ ಎಲ್ಲರೂ ಟವರ್ ಏಕೆ ಇಡುತ್ತಾರೆ? ಕರೆಂಟ್ ಉಳಿಯುತ್ತದೆ, ಅದಕ್ಕೆ. ಒಂದು ಯೂನಿಟ್ ಬಿಸಿ ತೆಗೆಯಲು ಟವರ್ ಇರುವ ವ್ಯವಸ್ಥೆಗೆ ಸುಮಾರು 0.2 ಯೂನಿಟ್ ಸಾಕು. ಬರೀ ಗಾಳಿಯಲ್ಲಿ ನಡೆಯುವ ಚಿಲ್ಲರ್‌ಗೆ 0.3 ಯೂನಿಟ್ ಹತ್ತಿರ ಬೇಕು. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಆ ಖರ್ಚು ಸೇರಿಸಿದರೂ ಸಾವಿರ ಲೀಟರಿಗೆ ಎರಡು ಯೂನಿಟ್ ಆಸುಪಾಸು. ಒಂದೂವರೆ ಲೀಟರಿಗೆ ಅದು ಏನೇನೂ ಅಲ್ಲ. ಬರೀ ಕರೆಂಟಿನ ಲೆಕ್ಕ ಹಾಕಿದರೆ ನೀರು ಆವಿ ಮಾಡುವುದೇ ಪ್ರತಿ ಸಲ ಅಗ್ಗ.

ನಮ್ಮ ಉದ್ಯಮ ಬಹಳ ಕಾಲ ಇದೊಂದೇ ಲೆಕ್ಕ ನೋಡಿತು. ಡೇಟಾ ಸೆಂಟರಿನ ಒಟ್ಟು ಕರೆಂಟ್ ಅದರ ಸರ್ವರ್‌ಗಳ ಕರೆಂಟಿನ ಎಷ್ಟು ಪಟ್ಟು ಎಂದು ಹೇಳುವ, ಕಡಿಮೆ ಇದ್ದಷ್ಟೂ ಒಳ್ಳೆಯದಾದ ಪಿಯುಇ ಎಂಬ ಅಳತೆಯನ್ನು ಗ್ರೀನ್ ಗ್ರಿಡ್ ಒಕ್ಕೂಟ 2007ರಲ್ಲಿ ಬಳಕೆಗೆ ತಂದಿತು. ನೀರಿನ ಅಳತೆ ಡಬ್ಲ್ಯುಯುಇ ಬಂದದ್ದು 2011ರಲ್ಲಿ. ಈಗಲೂ ಜಾಹೀರಾತಿನಲ್ಲಿ ಮೊದಲನೆಯದು ದೊಡ್ಡಕ್ಷರದಲ್ಲಿ ಕಾಣುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ. ನೀರು ಸುರಿದಷ್ಟೂ ಪಿಯುಇ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಒಂದನ್ನೇ ತೋರಿಸುವುದು ಸರಿಯಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಿತು. ನೀರಿಗೆ ಅತಿ ಹೆಚ್ಚು ಪರದಾಡಿದ್ದು ನಮ್ಮ ಸುತ್ತಲಿನ ಹೊರವಲಯವೇ. ನಮ್ಮ ಟವರಿಗೂ ಅಕ್ಕಪಕ್ಕದ ಮನೆಗಳಿಗೂ ನೀರು ಬರುವುದು ಒಂದೇ ನೆಲದಡಿಯಿಂದ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆ ಬಂತು. ಅದು ಊರಿಗೆ ಸೇರಿದ 110 ಹಳ್ಳಿಗಳ ಮನೆಗಳಿಗೆ ಎಂದು ತಂದ ನೀರು. ಅದನ್ನು ಟವರಿಗೆ ತಿರುಗಿಸಲು ನಮಗೆ ಮನಸ್ಸಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮನೆಯಲ್ಲಿ ಬಳಸಿದ ನೀರಿನ ಬಹುಪಾಲು ಒಳಚರಂಡಿಗೆ ಹೋಗುತ್ತದೆ. ಸಂಸ್ಕರಿಸಿದರೆ ಮತ್ತೆ ಬಳಸಬಹುದು. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿರುವುದು ಹೀಗೇ. ಟವರಿನಲ್ಲಿ ಆವಿಯಾದ ನೀರು ಮಾತ್ರ ಯಾವ ಚರಂಡಿಗೂ, ಯಾವ ಕೆರೆಗೂ ಬರುವುದಿಲ್ಲ.

ಹಾಗಂತ ನೀರನ್ನು ಸೊನ್ನೆ ಮಾಡುವುದೂ ನಮಗೆ ಸರಿ ಕಾಣಲಿಲ್ಲ. ಕರೆಂಟಿನೊಳಗೂ ನೀರಿದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಕೃಷ್ಣಾ ನದಿಯ ನೀರಿನಿಂದ ನಡೆಯುತ್ತದೆ. ಇಂಥ ಹಳೆಯ ಸ್ಥಾವರಗಳು ಯೂನಿಟ್‌ಗೆ ಮೂರೂವರೆ ಲೀಟರ್ ಮೀರಬಾರದು ಎಂದು ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಮಿತಿ ಹಾಕಿತು. ನಾವು 0.1 ಯೂನಿಟ್ ಜಾಸ್ತಿ ಬಳಸಿದರೆ, ಅದೆಲ್ಲ ಕಲ್ಲಿದ್ದಲಿನ ಕರೆಂಟೇ ಆದರೂ, ಅಲ್ಲಿ ಖರ್ಚಾಗುವುದು ಸುಮಾರು ಮೂರನೇ ಒಂದು ಲೀಟರ್. ಇಲ್ಲಿ ಉಳಿಯುವುದು ಆವಿ, ಚರಂಡಿ ಎರಡೂ ಸೇರಿ ಎರಡು ಲೀಟರಿಗೂ ಜಾಸ್ತಿ. ನೀರಿನ ಲೆಕ್ಕದಲ್ಲಿ ಲಾಭವಿದೆ. ಆದರೆ ಕಲ್ಲಿದ್ದಲಿನ ಹೊಗೆ ಹೆಚ್ಚುತ್ತದೆ. ಅದನ್ನು ಮರೆತು ಸುಮ್ನೆ ಕೂರಲು ಆಗುವುದಿಲ್ಲ.

ಪರಿಹಾರ ಸಿಕ್ಕಿದ್ದು ಬೆಂಗಳೂರಿನ ಹವೆಯನ್ನು ತಿಂಗಳು ತಿಂಗಳಾಗಿ ನೋಡಿದಾಗ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿ, ತೇವಾಂಶ ಶೇ. 30 ಇದೆ ಎಂದುಕೊಳ್ಳಿ. ಅಂಥ ಗಾಳಿಯನ್ನು ನೀರು 21 ಡಿಗ್ರಿ ಆಸುಪಾಸಿನ ತನಕ ತಣಿಸಬಲ್ಲದು. ಲಾಭ 13 ಡಿಗ್ರಿ. ಜುಲೈನಲ್ಲಿ 28 ಡಿಗ್ರಿ, ತೇವಾಂಶ ಶೇ. 65 ಇದ್ದರೆ 23ಕ್ಕಿಂತ ಕೆಳಗೆ ಇಳಿಸಲಾಗದು. ಲಾಭ ಬರೀ ಐದು ಡಿಗ್ರಿ. ಟವರ್ ಇವೆರಡರ ನಡುವೆ ಭೇದ ಮಾಡುವುದಿಲ್ಲ. ಬಿಸಿ ಹೊರಗೆ ಹೋಗಲು ಅದಕ್ಕೆ ಮುಖ್ಯ ದಾರಿ ಆವಿಯೇ. ಮಳೆಗಾಲದ ರಾತ್ರಿ, ಡಿಸೆಂಬರಿನ ಚಳಿ, ಯಾವಾಗಲೂ ನೀರು ಕುಡಿಯುತ್ತಲೇ ಇರುತ್ತದೆ. ಕಷ್ಟ ಇರುವುದು ಇಲ್ಲಿ: ನೀರಿನಿಂದ ನಿಜವಾದ ಲಾಭ ಸಿಗುವುದು ಮಾರ್ಚ್‌ನಿಂದ ಮೇ ತನಕ, ಬೋರ್‌ವೆಲ್ ಬತ್ತುವುದೂ ಆಗಲೇ.

ಅದಕ್ಕೆ ನಾವು ಹೀಗೆ ತೀರ್ಮಾನಿಸಿದೆವು. ಹೊಸ ಚಿಲ್ಲರ್‌ಗಳು ವರ್ಷದ ಬಹುತೇಕ ಹೊತ್ತು ಒಣಗಾಳಿಯಲ್ಲೇ ನಡೆಯುತ್ತವೆ. ಚಿಲ್ಲರ್ ಒಳಗೆ ಗಾಳಿ ಬರುವ ಕಡೆ ಮನೆಯ ಏರ್ ಕೂಲರಿನಲ್ಲಿ ಇರುವಂಥ ಪ್ಯಾಡ್‌ಗಳಿರುತ್ತವೆ. ಹೊರಗೆ 30 ಡಿಗ್ರಿ ದಾಟಿದಾಗ ಮಾತ್ರ ಅವುಗಳಿಗೆ ನೀರು ಬಿಡುತ್ತೇವೆ. ಆಗ 34 ಡಿಗ್ರಿಯ ಗಾಳಿ 24ರ ಹತ್ತಿರಕ್ಕೆ ಬಂದು ಚಿಲ್ಲರ್ ಮುಟ್ಟುತ್ತದೆ, ಕಂಪ್ರೆಸರಿನ ಹೊರೆ ಹಗುರಾಗುತ್ತದೆ. ಉಳಿದ ಹೊತ್ತು ಒಂದು ಹನಿಯೂ ಬೇಡ. ನೀರೇ ಸಿಗದ ಬೇಸಿಗೆ ಬಂದರೆ ಪ್ಯಾಡ್ ಪೂರ್ತಿ ಬಂದ್. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಅದಕ್ಕಿಂತ ಹೆಚ್ಚು ಬಿಸಿಯಲ್ಲೂ ನೀರಿಲ್ಲದೆ ಪೂರ್ತಿ ಹೊರೆ ಹೊರುವಂಥ ಚಿಲ್ಲರ್‌ಗಳನ್ನೇ ತರುತ್ತಿದ್ದೇವೆ. ಹಾಗೆ ಪ್ಯಾಡ್ ಬಂದ್ ಮಾಡಿದ ಮಧ್ಯಾಹ್ನ ಕರೆಂಟ್ ಜಾಸ್ತಿ ಬೇಕು, ನಿಜ. ಆದರೆ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನಂಥವು ಚೆನ್ನಾಗಿ ದುಡಿಯುವುದೂ ಹಗಲಿನಲ್ಲೇ. ಹಗಲಿನ ಹೆಚ್ಚುವರಿ ಯೂನಿಟ್ ನಮ್ಮನ್ನು ಅಷ್ಟು ಕಾಡುವುದಿಲ್ಲ. ರಾತ್ರಿಯ ಯೂನಿಟ್ ಕಾಡುತ್ತದೆ, ಪುಣ್ಯಕ್ಕೆ ಇಲ್ಲಿನ ರಾತ್ರಿಗಳು ತಂಪು.

ಪ್ಯಾಡಿಗೆ ಬಳಸುವುದು ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರನ್ನು ಮಾತ್ರ. ಮಿಗುವ ಸಂಸ್ಕರಿಸಿದ ನೀರನ್ನು ಅಪಾರ್ಟ್‌ಮೆಂಟ್‌ಗಳು ಮಾರಬಹುದು ಎಂದು ಸರ್ಕಾರ 2024ರಲ್ಲಿ ಅನುಮತಿ ಕೊಟ್ಟಿದೆ. ಈ ನೀರನ್ನು ಹಾಗೇ ಬಳಸುವಂತಿಲ್ಲ. ಅದರಲ್ಲಿ ಅಮೋನಿಯಾ ಉಳಿದಿದ್ದರೆ ತಾಮ್ರವನ್ನು ತಿನ್ನುತ್ತದೆ. ನಿಂತ ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ಹನಿ ಉಸಿರಿಗೆ ಸೇರಿದರೆ ನ್ಯುಮೋನಿಯಾ ಬರಬಹುದು. ಹಾಗಾಗಿ ನೀರನ್ನು ಮತ್ತೊಮ್ಮೆ ಸೋಸಿ, ಮೆದುಗೊಳಿಸಿ, ಕ್ಲೋರಿನ್ ಹಾಕುತ್ತೇವೆ. ನೀರು ಪ್ಯಾಡಿನ ಮೇಲಷ್ಟೇ ಹರಿಯುತ್ತದೆ, ತಾಮ್ರದ ಕಾಯಿಲ್ ಮುಟ್ಟುವುದಿಲ್ಲ. ಪ್ರತಿ ಸಂಜೆ ತೊಟ್ಟಿ ಖಾಲಿ ಮಾಡಿ ಪ್ಯಾಡ್ ಒಣಗಿಸುತ್ತೇವೆ. ಆರ್‌ಒ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳಿದಿರಿ. ಆರ್‌ಒ ಯಂತ್ರ ಒಂದಷ್ಟು ನೀರನ್ನು ತಾನೇ ಚರಂಡಿಗೆ ತಳ್ಳುತ್ತದೆ, ಅದಕ್ಕೆ ಬೇಡ ಎಂದೆವು.

ಈಗ 26 ಡಿಗ್ರಿಯ ವಿಷಯ. ಇದರ ಬಗ್ಗೆ ಹೆದರಿಕೆ ಬೇಡ. ಸರ್ವರ್‌ಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎಂಬುದು ಕೂಲಿಂಗ್ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇಯ ಶಿಫಾರಸು. ಗಾಳಿ ನಾಲ್ಕು ಡಿಗ್ರಿ ಬೆಚ್ಚಗಾದರೆ ಚಿಲ್ಲರ್ ಕೆಲಸ ಅಷ್ಟು ಇಳಿಯುತ್ತದೆ, ಒಣಗಾಳಿಯ ಹೆಚ್ಚುವರಿ ಖರ್ಚಿನಲ್ಲಿ ಒಂದು ಭಾಗ ಅಲ್ಲೇ ವಾಪಸ್ ಬರುತ್ತದೆ. 30ಕ್ಕೆ ಏಕೆ ಏರಿಸಲಿಲ್ಲ ಅಂದರೆ, ಅಷ್ಟು ಬಿಸಿಯಲ್ಲಿ ಸರ್ವರಿನ ಒಳಗಿನ ಫ್ಯಾನ್ ಜೋರಾಗಿ ಓಡುತ್ತದೆ. ಫ್ಯಾನ್ ವೇಗ ದುಪ್ಪಟ್ಟಾದರೆ ಅದರ ಕರೆಂಟ್ ಎಂಟು ಪಟ್ಟಾಗುತ್ತದೆ. ಚಿಲ್ಲರಿನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ, ಆ ಬಿಲ್ ನಿಮ್ಮ ಮೀಟರಿಗೇ ಬರುತ್ತದೆ. ಯುಪಿಎಸ್ ಬ್ಯಾಟರಿಗಳ ಕೋಣೆ ಮಾತ್ರ ಬೇರೆ, ಅಲ್ಲಿ 25 ಡಿಗ್ರಿ ದಾಟಲು ಬಿಡುವುದಿಲ್ಲ. ಬಿಸಿ ಹತ್ತು ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಸುಮಾರು ಅರ್ಧವಾಗುತ್ತದೆ.

ಬಿಲ್‌ನಲ್ಲಿ ಕೂಲಿಂಗ್ ಕರೆಂಟನ್ನು ಮೀಟರ್ ಓದಿದಷ್ಟೇ ಹಾಕುತ್ತೇವೆ, ಮೇಲೆ ನಮ್ಮ ಲಾಭ ಸೇರಿಸುವುದಿಲ್ಲ. ಪ್ರತಿ ತಿಂಗಳ ಬಿಲ್‌ನಲ್ಲಿ ಪಿಯುಇ ಮತ್ತು ಡಬ್ಲ್ಯುಯುಇ ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಮಾಡುತ್ತೇವೆ. ಮೊದಲನೆಯದು ಈಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಬೇರೆ ಕಡೆಯ ದರದ ಜೊತೆ ಹೋಲಿಸುವಾಗ ದಯವಿಟ್ಟು ಎರಡನ್ನೂ ಕೇಳಿ.

ನಿಮ್ಮಿಂದ ಆಗಬೇಕಾದ ಕೆಲಸವೂ ಇದೆ. ರ್‍ಯಾಕಿನ ಖಾಲಿ ಜಾಗಗಳಿಗೆ ಮುಚ್ಚುಫಲಕ ಹಾಕಿಸಿ, ಫಲಕ ನಾವೇ ಕೊಡುತ್ತೇವೆ. ಖಾಲಿ ಬಿಟ್ಟರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಬಂದು 26 ಡಿಗ್ರಿ ಎನ್ನುವುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಯಾರೂ ಬಳಸದೆ ಸುಮ್ನೆ ಓಡುತ್ತಿರುವ ಹಳೆಯ ಸರ್ವರ್ ಇದ್ದರೆ ನಿಲ್ಲಿಸಿ. ಕೆಲಸವಿಲ್ಲದ ಸರ್ವರ್ ಕೂಡ ಕರೆಂಟ್ ಎಳೆಯುತ್ತದೆ, ಬಿಸಿ ಕಾರುತ್ತದೆ. ಟೇಪ್ ಡ್ರೈವ್ ಅಥವಾ ತುಂಬ ಹಳೆಯ ಡಿಸ್ಕ್ ಇಟ್ಟವರು ಈ ತಿಂಗಳೊಳಗೆ ನಮಗೆ ತಿಳಿಸಿ. ಅಂಥವುಗಳಿಗೆ 22 ಡಿಗ್ರಿಯ ಒಂದು ಸಣ್ಣ ಕೋಣೆ ಉಳಿಸಿಕೊಂಡಿದ್ದೇವೆ, ಜಾಗ ಕಮ್ಮಿ ಇದೆ.

ಬದಲಾವಣೆಯ ಕೆಲಸ ಶನಿವಾರ ರಾತ್ರಿಗಳಲ್ಲಿ, ಒಂದೊಂದೇ ಚಿಲ್ಲರ್‌ನಂತೆ ನಡೆಯುತ್ತದೆ. ಹೊಸದು ಹೊರೆ ಹೊತ್ತ ಮೇಲೆಯೇ ಹಳೆಯದನ್ನು ಬಿಚ್ಚುತ್ತೇವೆ, ಹಾಗಾಗಿ ಸರ್ವರ್ ನಿಲ್ಲಿಸುವ ಅಗತ್ಯವಿಲ್ಲ. ಕೋಣೆಯ ಬಿಸಿಯನ್ನು ವಾರಕ್ಕೆ ಒಂದು ಡಿಗ್ರಿಯಂತೆ ಏರಿಸುತ್ತೇವೆ. ನಿಮ್ಮ ರ್‍ಯಾಕಿನಲ್ಲಿ ಎಲ್ಲಾದರೂ 27 ದಾಟಿದರೆ ನಿಮಗೂ ನಮಗೂ ಒಟ್ಟಿಗೇ ಎಸ್‌ಎಂಎಸ್ ಬರುತ್ತದೆ. ಆಗ ಏರಿಸುವುದನ್ನು ನಿಲ್ಲಿಸಿ, ಕಾರಣ ಹುಡುಕಿದ ನಂತರವೇ ಮುಂದುವರಿಯುತ್ತೇವೆ. ಪ್ರಶ್ನೆ ಇದ್ದವರು ಬಿಲ್‌ನಲ್ಲಿರುವ ಸಹಾಯವಾಣಿಗೆ ಕರೆ ಮಾಡಿ, ಕೂಲಿಂಗ್ ನೋಡಿಕೊಳ್ಳುವವರೇ ಮಾತಾಡುತ್ತಾರೆ.

ವಿಶ್ವಾಸದಿಂದ,
ನಿಮ್ಮ ಡೇಟಾ ಸೆಂಟರ್ ನಿರ್ವಹಣಾ ತಂಡ
ವೈಟ್‌ಫೀಲ್ಡ್, ಬೆಂಗಳೂರು