ಬೋರ್ ಮಾದರಿಯನ್ನು ಗೆಲ್ಲಿಸಿದ್ದು ಹೀಲಿಯಂ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಪರಮಾಣು ಮಾದರಿಗಳ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೆ 1913ರಲ್ಲಿ ನೀಲ್ಸ್ ಬೋರ್, ಇಲೆಕ್ಟ್ರಾನ್ ಬೀಜದ (ನ್ಯೂಕ್ಲಿಯಸ್) ಸುತ್ತ ನಿಗದಿತ ಕಕ್ಷೆಗಳಲ್ಲಷ್ಟೇ ಸುತ್ತುತ್ತದೆ ಎಂಬ ಮಾದರಿಯಿಂದ, ಜಲಜನಕದ ರೋಹಿತ ರೇಖೆಗಳಿಗೆ (ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳಿಗೆ) ಲೆಕ್ಕ ಕೊಟ್ಟರು ಎಂಬಲ್ಲಿಗೇ ಅದು ನಿಂತುಬಿಟ್ಟಿದೆ. ಆ ರೇಖೆಗಳ ತರಂಗಾಂತರ ಹೇಳುವ ಬಾಮರ್ ಸೂತ್ರ 1885ರಿಂದಲೇ ಇತ್ತಲ್ಲ? ಗೊತ್ತಿದ್ದ ಉತ್ತರಕ್ಕೆ ಲೆಕ್ಕ ಹೊಂದಿಸಿದ್ದು ಎಂದು ಮೂಗು ಮುರಿಯಲು ಜಾಗವಿತ್ತು. ಆ ಜಾಗ ಮುಚ್ಚಿದ್ದು ಹೀಲಿಯಂ.

ಝೀಟಾ ಪಪಿಸ್ ನಕ್ಷತ್ರದ ಬೆಳಕಿನಲ್ಲಿ 1896ರಲ್ಲಿ ಖಗೋಳವಿಜ್ಞಾನಿ ಪಿಕರಿಂಗ್ ಒಂದು ರೇಖಾಶ್ರೇಣಿ ಕಂಡರು. 1912ರಲ್ಲಿ ಲಂಡನ್ನಿನ ಆಲ್ಫ್ರೆಡ್ ಫೌಲರ್ ಜಲಜನಕ–ಹೀಲಿಯಂ ಮಿಶ್ರಣ ತುಂಬಿದ ಕೊಳವೆಯಲ್ಲಿ ಅದೇ ಜಾತಿಯ ರೇಖೆಗಳನ್ನು ತೋರಿಸಿದರು. ಎಲ್ಲರೂ ಇವು ಜಲಜನಕದವೇ ಎಂದರು. ಬೋರ್ ಅಲ್ಲ ಎಂದರು: ಒಂದು ಇಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನವು, ಬೀಜದ ಆವೇಶ ಎರಡಾದ್ದರಿಂದ, ರೇಖೆಗಳ ಸೂತ್ರದಲ್ಲಿ ಬರುವ ರಿಡ್‌ಬರ್ಗ್ ಸ್ಥಿರಾಂಕ ಜಲಜನಕದ್ದರ ನಾಲ್ಕು ಪಟ್ಟು. ಮ್ಯಾಂಚೆಸ್ಟರಿನಲ್ಲಿ ಇವಾನ್ಸ್ ಜಲಜನಕ ತೆಗೆದ ಹೀಲಿಯಂನಲ್ಲಿ ನೋಡಿದಾಗ 468.6 ನ್ಯಾನೊಮೀಟರಿನ ರೇಖೆ ಇತ್ತು, ಜಲಜನಕದ ರೇಖೆಗಳು ಇರಲಿಲ್ಲ.

ಫೌಲರ್ ಪಟ್ಟು ಬಿಡಲಿಲ್ಲ. ಅಳತೆಯಂತೆ ಈ ಎರಡು ಸ್ಥಿರಾಂಕಗಳ ಅನುಪಾತ 4 ಅಲ್ಲ, 4.0016 ಎಂದರು. ರೋಹಿತ ಅಳೆಯುವವರ ಕೈಯಲ್ಲಿ ಅಷ್ಟು ವ್ಯತ್ಯಾಸ ದೊಡ್ಡದೇ. ಬೋರ್ ಉತ್ತರ ಸರಳವಾಗಿತ್ತು: ಬೀಜ ಅಲುಗದೆ ಕೂತಿಲ್ಲ, ಇಲೆಕ್ಟ್ರಾನಿನ ಜೊತೆ ತಾನೂ ಸುತ್ತುತ್ತದೆ. ಜಲಜನಕದ ಬೀಜ ಇಲೆಕ್ಟ್ರಾನಿಗಿಂತ 1836 ಪಟ್ಟು ಭಾರ, ಹೀಲಿಯಂನದು ಸುಮಾರು 7294 ಪಟ್ಟು. ಈ ತಿದ್ದುಪಡಿ ಹಾಕಿದರೆ ಬರುವುದು 4.00163. (ಈ ಜಗಳವೆಲ್ಲ ನಡೆದದ್ದು 'ನೇಚರ್' ಪತ್ರಿಕೆಯ ಪತ್ರಗಳ ಅಂಕಣದಲ್ಲಿ, ಇಂಥ ಜಾಗದಲ್ಲೇ!) ಮುಂದೆ 1931ರಲ್ಲಿ ರಸಾಯನವಿಜ್ಞಾನಿ ಯೂರಿ ಭಾರಜಲಜನಕವನ್ನು (ಬೀಜ ಸುಮಾರು ಎರಡು ಪಟ್ಟು ಭಾರವಿರುವ ಜಲಜನಕ) ಹಿಡಿದದ್ದೂ ಇದೇ ತಿದ್ದುಪಡಿಯ ಸುಳಿವಿನಿಂದ, ಅದರ ಕೆಂಪು ರೇಖೆ 0.18 ನ್ಯಾನೊಮೀಟರ್ ಸರಿದಿರುತ್ತದೆ. ಇಲೆಕ್ಟ್ರಾನ್ ಕಳೆದುಕೊಳ್ಳದ ಹೀಲಿಯಂ ಮಾತ್ರ ಬೋರ್ ಲೆಕ್ಕಕ್ಕೆ ಕೊನೆಗೂ ಬಗ್ಗಲಿಲ್ಲ.

ಲೇಖನದ ಚೌಕದಲ್ಲಿ ರಿಡ್‌ಬರ್ಗ್ ಸ್ಥಿರಾಂಕ ಸೆಂಟಿಮೀಟರಿಗೆ 109737 ಎಂದು ಹಾಕಿ, ಜಲಜನಕದ ಕೆಂಪು ರೇಖೆ 656.28 ನ್ಯಾನೊಮೀಟರ್ ಎಂದು ಬರೆದಿದೆ. ಎರಡೂ ಒಟ್ಟಿಗೆ ಕೂರುವುದಿಲ್ಲ. 109737 ಅಲುಗದ ಬೀಜಕ್ಕೆ, ಅದರಿಂದ 656.11 ಬರುತ್ತದೆ. ಜಲಜನಕಕ್ಕೆ 109678 ಹಾಕಿದರೆ ನಿರ್ವಾತದಲ್ಲಿ 656.47, ಗಾಳಿಯ ವಕ್ರೀಭವನಾಂಕ 1.00028ರಿಂದ ಭಾಗಿಸಿದರೆ 656.28.

ಪಿಯುಸಿ, ಪದವಿ ಮಕ್ಕಳಿಗೆ ಒಂದು ಮಾತು. ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಇಂಚಿಗೆ 15,000 ಗೆರೆಗಳ ಗ್ರೇಟಿಂಗಿನಲ್ಲಿ, ಮೊದಲ ಕ್ರಮಾಂಕದಲ್ಲಿ, 656.11 ಮತ್ತು 656.28ರ ನಡುವಿನ ಈ 0.17 ನ್ಯಾನೊಮೀಟರ್ ಎಂದರೆ ಅರ್ಧ ಮಿನಿಟಿಗೂ (ಮಿನಿಟು ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕಡಿಮೆ ಕೋನ. ಒಂದು ಮಿನಿಟಿನವರೆಗಷ್ಟೇ ಓದಬಲ್ಲ ವರ್ನಿಯರ್ ಅಳತೆಪಟ್ಟಿ ಅದನ್ನು ತೋರಿಸದು. ನಿಮ್ಮ ಉತ್ತರ ಎರಡು ನ್ಯಾನೊಮೀಟರ್ ತಪ್ಪಿದರೆ ಬೀಜದ ಮೇಲೆ ಹೊರಿಸಬೇಡಿ. ಗ್ರೇಟಿಂಗ್ ಬೆಳಕಿಗೆ ಲಂಬವಾಗಿದೆಯೇ ನೋಡಿ, ಎಡಬಲ ಎರಡೂ ಕಡೆ ಓದಿ ಸರಾಸರಿ ತೆಗೆಯಿರಿ.

— ಭೌತವಿಜ್ಞಾನ ಉಪನ್ಯಾಸಕಿ, ಶಿವಮೊಗ್ಗ